ಕನ್ನಡ ಜಾಲತಾಣ: ವಿನ್ಯಾಸಕ್ಕೂ ಕೋಡಿಗೂ ನಡುವೆ
ಗಂಗಾವತಿಯ ಅಕ್ಕಿ ಗಿರಣಿಗೋ ಆನೆಗೊಂದಿಯ ವಸತಿಗೃಹಕ್ಕೋ ಕನ್ನಡ ಜಾಲತಾಣ ಮಾಡುವಾಗ ಪುಟದ ರೂಪ ನಿರ್ಧರಿಸುವವರು ಗ್ರಾಫಿಕ್ ಡಿಸೈನರ್, ಅದನ್ನು ಬ್ರೌಸರಿನಲ್ಲಿ ನಡೆಯುವಂತೆ ಮಾಡುವವರು ಕೋಡರ್. ಇಬ್ಬರ ನಡುವಿನ ಮೊದಲ ತೊಡಕು ಅಕ್ಷರದ್ದು. ಲಗ್ನಪತ್ರಿಕೆ, ಫ್ಲೆಕ್ಸ್ ಬ್ಯಾನರ್ ಮಾಡಿ ಪಳಗಿದ ಕೈಗಳಿಗೆ ಕೋರಲ್‌ಡ್ರಾ ಮತ್ತು ಹಳೆಯ ನುಡಿ, ಶ್ರೀಲಿಪಿ ಫಾಂಟುಗಳೇ ರೂಢಿ. ಆ ಪಠ್ಯವನ್ನು ಹಾಗೇ ಜಾಲತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಮೂಡುತ್ತವೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿರುವ ಯೂನಿಕೋಡಿಗೆ ಅದನ್ನು ಪರಿವರ್ತಿಸಬೇಕು. ಪಠ್ಯವನ್ನೇ ಚಿತ್ರವಾಗಿಸಿದರೆ ಅಂದ ಉಳಿಯುತ್ತದೆ, ಆದರೆ ಗೂಗಲ್ ಹುಡುಕಾಟಕ್ಕಾಗಲಿ ಅಂಧರು ಬಳಸುವ ಸ್ಕ್ರೀನ್ ರೀಡರಿಗಾಗಲಿ ಅದು ಸರಿಯಾಗಿ ದಕ್ಕುವುದಿಲ್ಲ. ಎರಡನೆಯದು ಜಾಗದ ಲೆಕ್ಕ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ರಿಜಿಸ್ಟರ್’ಗೆ ಅಳೆದ ಬಟನ್ನಿನಿಂದ ‘ನೋಂದಾಯಿಸಿಕೊಳ್ಳಿ’ ಹೊರಚಾಚುತ್ತದೆ. ಇದಕ್ಕೆ ಪರಿಹಾರ ಕೆಲಸದ ಕ್ರಮದಲ್ಲೇ ಇದೆ. ಡಿಸೈನರ್ ನಮೂನೆ ಪಠ್ಯದ ಬದಲು ನಿಜವಾದ ಕನ್ನಡ ಪಠ್ಯವನ್ನೇ ಬಳಸಿ, ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟಿನಲ್ಲಿ ಮೊಬೈಲಿಗೂ ಕಂಪ್ಯೂಟರಿಗೂ ಬೇರೆ ಬೇರೆ ವಿನ್ಯಾಸ ಕೊಡಬೇಕು. ಕೋಡರ್ ಒಂದು ಪುಟ ಮುಗಿದೊಡನೆ ಅದನ್ನು ಅಗ್ಗದ ಮೊಬೈಲಿನಲ್ಲಿ ತೆರೆದು ತೋರಿಸಿ, ಒಪ್ಪಿಗೆ ಪಡೆದೇ ಉಳಿದ ಪುಟಗಳಿಗೆ ಕೈಹಾಕಬೇಕು.