ಆಂಟನ್ ಈಗೋನ ಪರವಾಗಿ

ಕಳೆದ ಭಾನುವಾರ ಮಲಾಡಿನ ನಮ್ಮ ಮನೆಯಲ್ಲಿ ಮಗಳ ಜೊತೆ ಕೂತು 'ರಾಟಟೂಯಿ' ಮತ್ತೆ ನೋಡಿದೆ. ಪ್ಯಾರಿಸ್ಸಿನ ರೆಸ್ಟೋರೆಂಟಿನಲ್ಲಿ ಇಲಿಯೊಂದು ಅಡುಗೆ ಮಾಡುವ, 2007ರ ಪಿಕ್ಸಾರ್ ಚಿತ್ರ. ಆಹಾರ ವಿಮರ್ಶಕ ಆಂಟನ್ ಈಗೋ ಬಂದಕೂಡಲೇ ಮಗಳು, "ಅಪ್ಪಾ, ಇವನೇ ವಿಲನ್ನಾ?" ಅಂದಳು.

ಅವಳ ತಪ್ಪಲ್ಲ. ಬಿಳಿಚಿದ ಮುಖ, ಕಡ್ಡಿಯಂಥ ಮೈ, ಶವಪೆಟ್ಟಿಗೆಯಾಕಾರದ ಕೋಣೆ, ತಲೆಬುರುಡೆಯಂತೆ ಕಾಣುವ ಟೈಪ್‌ರೈಟರ್. ಇವನ ವಿಮರ್ಶೆಯಿಂದ ಒಂದು ಸ್ಟಾರ್ ಕಳೆದುಕೊಂಡ ಬಾಣಸಿಗ ಗುಸ್ಟೋ ಕೊರಗಿ ಸತ್ತನೆಂದು ಚಿತ್ರ ಮೊದಲೇ ಹೇಳಿಬಿಡುತ್ತದೆ. ಅಂದರೆ ವಿಮರ್ಶಕ ಅರ್ಧ ಕೊಲೆಗಾರ!

ಕೊನೆಗೆ ಒಂದು ತುತ್ತಿಗೆ ಅಮ್ಮನ ಅಡುಗೆ ನೆನಪಾಗಿ ಅವನ ಪೆನ್ನು ಕೈಜಾರುತ್ತದೆ. ವಿಮರ್ಶಕರ ಕೆಲಸ ಸುಲಭದ್ದು, ಹೊಸದನ್ನು ಎತ್ತಿಹಿಡಿಯುವಾಗ ಮಾತ್ರ ಅಪಾಯ ಎಂದು ಅವನೇ ಬರೆಯುತ್ತಾನೆ. ನಾವು ಕಣ್ಣೊರೆಸಿಕೊಳ್ಳುತ್ತೇವೆ.

ನನ್ನ ತಕರಾರು ಇಲ್ಲೇ. ಚೆನ್ನಾಗಿಲ್ಲ ಅನ್ನುವುದು ಸುಲಭವೆಂದು ಯಾರು ಹೇಳಿದ್ದು?

ಮುಂಬಯಿಯ ಕನ್ನಡ ಪುಸ್ತಕ ಬಿಡುಗಡೆಗಳಿಗೆ ಹದಿನೈದು ವರ್ಷದಿಂದ ಹೋಗುತ್ತಿದ್ದೇನೆ. ಶಾಲು, ಹಾರ, ಹಣ್ಣಿನ ಬುಟ್ಟಿ, "ಕನ್ನಡಕ್ಕೆ ಮಹತ್ವದ ಕೊಡುಗೆ". ಹೋದ ತಿಂಗಳು ಗೆಳೆಯನ ಕಥಾಸಂಕಲನದ ಬಗ್ಗೆ ಮಾತಾಡಲು ನನಗೇ ಮೈಕು ಕೊಟ್ಟರು. ಹನ್ನೆರಡರಲ್ಲಿ ಎರಡು ಕತೆ ನಿಜಕ್ಕೂ ಒಳ್ಳೆಯವು, ಉಳಿದವು ಬೆಂದೇ ಇರಲಿಲ್ಲ. ಹನ್ನೆರಡನ್ನೂ ಹೊಗಳಿ ಕೆಳಗಿಳಿದೆ. ಆ ಎರಡು ಕತೆಗಳಿಗೆ ಸಲ್ಲಬೇಕಿದ್ದ ಮೆಚ್ಚುಗೆಯೂ ಅದರಲ್ಲೇ ಕರಗಿಹೋಯಿತು.

ಆಫೀಸಿನಲ್ಲಿ ಹುಡುಗರ ಕೋಡ್ ರಿವ್ಯೂ ಮಾಡುವಾಗ ಹೀಗೆ ಮಾಡಿದರೆ ಮಧ್ಯರಾತ್ರಿ ಸರ್ವರ್ ಬೀಳುತ್ತದೆ. ಕತೆ ಬಿದ್ದರೆ ಸದ್ದಾಗುವುದಿಲ್ಲ, ಅಷ್ಟೇ.

ಈಗೋನ ಹೊಗಳಿಕೆಗೆ ಬೆಲೆ ಬಂದದ್ದು ಅವನು ಅಷ್ಟು ವರ್ಷ ಸಪ್ಪೆಯನ್ನು ಸಪ್ಪೆ ಅಂದದ್ದರಿಂದ. ಎಲ್ಲದಕ್ಕೂ "ಸೂಪರ್" ಅನ್ನುವವನಾಗಿದ್ದರೆ ಇಲಿಯ ಅಡುಗೆಯನ್ನು ಅವನು ಮೆಚ್ಚಿದರೆಷ್ಟು, ಬಿಟ್ಟರೆಷ್ಟು? ಆ ಮೆಚ್ಚುಗೆಗೂ ಅವನು ತೆತ್ತದ್ದು ಕಡಿಮೆಯಲ್ಲ. ಅಡುಗೆಮನೆಯಲ್ಲಿ ಇಲಿಗಳಿದ್ದದ್ದು ಬಯಲಾದಾಗ ಅವನ ಕೆಲಸವೂ ಹೋಯಿತು, ಮರ್ಯಾದೆಯೂ ಹೋಯಿತು.

ಕೀರ್ತಿನಾಥ ಕುರ್ತಕೋಟಿಯವರಿಗೆ 1995ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ವಿಮರ್ಶೆಗೆ. ಆ ಕೃತಿಯ ಹೆಸರು 'ಉರಿಯ ನಾಲಗೆ'. ಅಂಥ ಹೆಸರನ್ನು ಗೌರವಿಸಿದ ಕನ್ನಡದಲ್ಲಿ ನಾವೀಗ ನಾಲಗೆಗೆ ಸಕ್ಕರೆ ಸವರಿಕೊಂಡು ವೇದಿಕೆ ಹತ್ತುತ್ತಿದ್ದೇವೆ.

ಈ ವಾರ ಗೆಳೆಯನಿಗೆ ಫೋನ್ ಮಾಡಿ ಆ ಹತ್ತು ಕತೆಗಳ ಬಗ್ಗೆ ಹೇಳಬೇಕು. ಸಿಟ್ಟಾಗುತ್ತಾನೆ, ಆಗಲಿ. ಮಗಳಿಗೂ ಒಂದು ಉತ್ತರ ಬಾಕಿಯಿದೆ: ವಿಲನ್ ಅವನಲ್ಲ ಪುಟ್ಟೀ, ಬೇಯದ ಅಡುಗೆಯನ್ನು ಚೆನ್ನಾಗಿದೆ ಅಂದು ಎದ್ದುಬಂದ ನಿಮ್ಮಪ್ಪ.