ಅಳೆಯದೆ ಬದಲಿಸಿದ್ದು ರಿಪೇರಿ ಅಲ್ಲ

1/7

"ಬ್ಯಾಟರಿ ಹೋಗಿದೆ, ಹೊಸದು ಹಾಕಿ."

ಗಂಗೊಳ್ಳಿ ದಕ್ಕೆಯಲ್ಲಿ ಅತಿ ಹೆಚ್ಚು ದುಡ್ಡು ತಿಂದ ವಾಕ್ಯ ಯಾವುದು ಅಂತ ಕೇಳಿದ್ರೆ ನಾನು ಇದನ್ನೇ ಹೇಳ್ತೇನೆ. ಎಂಜಿನ್ ಸ್ಟಾರ್ಟ್ ಆಗ್ಲಿಲ್ವಾ? ಬ್ಯಾಟರಿ. ಫಿಶ್ ಫೈಂಡರ್ ನಡುವಲ್ಲಿ ಆಫ್ ಆಯ್ತಾ? ಬ್ಯಾಟರಿ. ಕ್ಯಾಬಿನ್ ಲೈಟ್ ಮಂಕಾಯ್ತಾ? ಬ್ಯಾಟರಿ. ಡಾಕ್ಟ್ರು ಮುಖ ನೋಡದೇ ಎಲ್ಲರಿಗೂ ಒಂದೇ ಮಾತ್ರೆ ಬರೆದ ಹಾಗೆ.

ಫೋಟೋ ನೋಡಿ, ಮೂರು ಬಿಲ್. ಕಳೆದ ಸೀಸನ್ನಲ್ಲಿ ನಮ್ಮ ಮನೆಯ ಬೋಟಿಗೆ ಆದದ್ದು. ಅಕ್ಟೋಬರಲ್ಲಿ ಬ್ಯಾಟರಿ ₹14,500. ಜನವರಿಯಲ್ಲಿ ಇನ್ನೊಂದು, ₹14,800. ಮಾರ್ಚಲ್ಲಿ ಹೊಸ ವಿಎಚ್‌ಎಫ್ ಸೆಟ್, ₹15,900. ಒಟ್ಟು ₹45,200. ಅಂಗಡಿ ಹೆಸರು ಕ್ರಾಪ್ ಮಾಡಿದ್ದೇನೆ, ಕಮೆಂಟಲ್ಲಿ ಕೇಳ್ಬೇಡಿ. ನನ್ನ ಸಿಟ್ಟು ಒಂದು ಅಂಗಡಿ ಮೇಲಲ್ಲ, ಈ ರೂಢಿ ಮೇಲೆ.

ಮೂರು ಬಿಲ್ ಆದ ಮೇಲೂ ಸಮಸ್ಯೆ ಹಾಗೇ ಇತ್ತು. ಕೊನೆಗೆ ಸಿಕ್ಕ ಕಾರಣ ಪಕ್ಕದ ಫೋಟೋದಲ್ಲಿ ಉಂಟು: ಎಂಜಿನ್ ಬ್ಲಾಕಿಗೆ ಬಿಗಿದ ಒಂದು ಬೋಲ್ಟ್, ಅದರಡಿಯಲ್ಲಿ ಹಸಿರು ಹಿಡಿದ ಎರಡು ಲಗ್ಗು. ಒಂದು ಬ್ಯಾಟರಿಯ ದಪ್ಪ ನೆಗೆಟಿವ್, ಇನ್ನೊಂದು ವಿಎಚ್‌ಎಫ್‌ನ ತೆಳ್ಳಗಿನ ನೆಗೆಟಿವ್. ಅಷ್ಟೇ. ಉಪ್ಪುನೀರು, ಗಾಳಿ, ತಾಮ್ರ.

2/7

"ಬಿಕಾಂ ಮಾಡುವವರಿಗೆ ಕರೆಂಟಿನ ಉಸಾಬರಿ ಯಾಕೆ ಮಾರಾಯ?" ಅಂತ ಹೋದ ವಾರ ಸ್ಟೋರಿಗೆ ರಿಪ್ಲೈ ಬಂತು. ಬಿಕಾಂ ಆದ್ದರಿಂದಲೇ.

ನಮ್ಮ ಕ್ಲಾಸಿನವರಿಗೆಲ್ಲ ಗೊತ್ತಿದೆ: ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಅಕೌಂಟಿಗೆ ಹಾಕ್ತೇವೆ. ಅದು ತಾತ್ಕಾಲಿಕ. ತಪ್ಪು ಎಲ್ಲಿದೆ ಅಂತ ಹುಡುಕಿ, ರೆಕ್ಟಿಫಿಕೇಶನ್ ಎಂಟ್ರಿ ಹಾಕುವ ತನಕ ಆ ಖಾತೆ ಮುಚ್ಚುವ ಹಾಗಿಲ್ಲ. ವ್ಯತ್ಯಾಸವನ್ನು ಅಲ್ಲಿ ಹಾಕಿ, ಸರಿಯಾಯ್ತು ಅಂತ ಸಹಿ ಹಾಕಿ ಹೋದವನನ್ನು ಯಾವ ಲೆಕ್ಚರರೂ ಪಾಸ್ ಮಾಡುವುದಿಲ್ಲ.

ಅಳೆಯದೆ ಹಾಕಿದ ಹೊಸ ಬ್ಯಾಟರಿ ಅಂದ್ರೆ ಅದೇ ಸಸ್ಪೆನ್ಸ್ ಅಕೌಂಟು. ವ್ಯತ್ಯಾಸ ಕಣ್ಣಿಂದ ಮರೆಯಾಯ್ತು, ತಪ್ಪು ಪುಸ್ತಕದಲ್ಲೇ ಕೂತಿದೆ.

"ಆದ್ರೆ ಹೊಸದು ಹಾಕಿದ ಕೂಡ್ಲೇ ಸರಿ ಆಗ್ತದಲ್ಲ?" ಆಗ್ತದೆ. ಯಾಕೆ ಅಂತ ಯೋಚಿಸಿ. ಹೊಸದು ಪೂರ್ತಿ ಚಾರ್ಜ್ ಆಗಿ ಬರ್ತದೆ. ಹಾಕುವಾಗ ಟರ್ಮಿನಲ್ ತಿಕ್ಕುತ್ತಾರೆ, ವೈರು ಅಲುಗಾಡಿಸ್ತಾರೆ, ನಟ್ಟು ಬಿಗಿ ಮಾಡ್ತಾರೆ. ಎಷ್ಟೋ ಸಲ ಸರಿ ಮಾಡಿದ್ದು ಆ ತಿಕ್ಕಿದ ಸ್ಯಾಂಡ್ ಪೇಪರ್. ಕ್ರೆಡಿಟ್ ಮಾತ್ರ ಬ್ಯಾಟರಿ ಖಾತೆಗೆ. ಹಳೇದು ಎಕ್ಸ್‌ಚೇಂಜಿಗೆ ಹೋಯ್ತು. ಅದರಲ್ಲಿ ಎಷ್ಟು ವೋಲ್ಟ್ ಇತ್ತು ಅಂತ ಒಬ್ಬರೂ ನೋಡ್ಲಿಲ್ಲ. ವೋಚರ್ ಇಲ್ಲದೆ ಖರ್ಚು ಬರೆದ ಹಾಗೆ.

3/7

ಸರಿ, ಅಳೆಯುವುದು ಹೇಗೆ? ಡಿಜಿಟಲ್ ಮಲ್ಟಿಮೀಟರ್ ಒಂದು ಬೇಕು. ಐನೂರು ರೂಪಾಯಿ ಆಸುಪಾಸಿನದ್ದು ಸಾಕು. ಡಿಸಿ ವೋಲ್ಟ್‌ಗೆ ತಿರುಗಿಸಿ, 20ರ ರೇಂಜ್. (24 ವೋಲ್ಟಿನ ಬೋಟಾದ್ರೆ ಮೇಲಿನ ರೇಂಜ್, ಕೆಳಗಿನ ಬ್ಯಾಟರಿ ಸಂಖ್ಯೆಗಳೆಲ್ಲ ಡಬಲ್.)

ಮೊದಲನೇ ಅಳತೆ: ಎಂಜಿನ್ ಬಂದ್, ಎಲ್ಲ ಸ್ವಿಚ್ ಆಫ್, ಬ್ಯಾಟರಿ ಕೆಲವು ಗಂಟೆ ಸುಮ್ನೆ ಕೂತಿರ್ಬೇಕು. ಆಮೇಲೆ ಮುಳ್ಳು ಬ್ಯಾಟರಿಯ ಕಂಬಕ್ಕೇ ಇಡಿ, ಲಗ್ಗಿಗಲ್ಲ. 12.6 ಅಥವಾ ಮೇಲೆ ಬಂದ್ರೆ ಫುಲ್. 12.2 ಅಂದ್ರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಬಂದ್ರೆ ಹೊಟ್ಟೆ ಖಾಲಿ. ಖಾಲಿ ಅಂದ್ರೆ ಸತ್ತಿದೆ ಅಂತಲ್ಲ! ಹಸಿದವನನ್ನು ಹೂಳುವುದಿಲ್ಲ, ಊಟ ಹಾಕ್ತಾರೆ. ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು ನೋಡಿ. ಲೋಡ್ ಇಲ್ಲದೇ ತಾನಾಗಿ ಇಳಿದ್ರೆ ಅಥವಾ ಸ್ಟಾರ್ಟರ್ ಒತ್ತಿದಾಗ ಕಂಬದಲ್ಲೇ 9ಕ್ಕಿಂತ ಕೆಳಗೆ ಬಿದ್ರೆ, ಆಗ ಬ್ಯಾಟರಿ ಮೇಲೆ ಅನುಮಾನ ಪಡಿ.

ಎರಡನೇ ಅಳತೆ: ಎಂಜಿನ್ ಓಡುವಾಗ ಅದೇ ಕಂಬ. 13.8ರಿಂದ 14.4ರ ಒಳಗೆ ಇರ್ಬೇಕು. ಇನ್ನೂ 12.4 ಅಂತಲೇ ತೋರಿಸಿದ್ರೆ ಬ್ಯಾಟರಿಗೆ ಊಟವೇ ಬರ್ತಿಲ್ಲ. ಬೆಲ್ಟ್ ಸಡಿಲವಾ, ಆಲ್ಟರ್ನೇಟರಾ, ರೆಗ್ಯುಲೇಟರಾ, ಮಧ್ಯದ ವೈರಾ ನೋಡಿ. ಆಗ ₹14,500ರ ಹೊಸ ಬ್ಯಾಟರಿ ಹಾಕಿದ್ರೆ ಅದೂ ಉಪವಾಸ ಬಿದ್ದು ಸಾಯ್ತದೆ. 15 ದಾಟಿದ್ರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ಕುದಿಯುತ್ತದೆ.

ಇಷ್ಟಕ್ಕೆ ಹತ್ತು ನಿಮಿಷ ಬೇಕಾ? ಬೇಡ.

4/7

ಈಗ ನಮ್ಮ ಲಗ್ಗಿನ ಕಥೆ. ಇದು ಅರ್ಥ ಆದ್ರೆ ಬೋಟಿನ ಮುಕ್ಕಾಲು ತೊಂದರೆ ಅರ್ಥ ಆದ ಹಾಗೆ.

ವಿಎಚ್‌ಎಫ್ ಆನ್ ಮಾಡಿದ್ರೆ ಬೇರೆಯವರು ಮಾತಾಡುವುದು ಚೆನ್ನಾಗಿ ಕೇಳ್ತಿತ್ತು. ನಾವು ಮಾತಾಡ್ಲಿಕ್ಕೆ ಬಟನ್ ಒತ್ತಿದ್ರೆ ಸೆಟ್ ಆಫ್. "ಸೆಟ್ ಹೋಗಿದೆ" ಅಂದ್ರು. ಹೊಸ ಸೆಟ್ಟೂ ಹಾಗೇ ಮಾಡಿತು.

ಕೇಳುವಾಗ ಸೆಟ್ ಎಳೆಯುವುದು ಅರ್ಧ ಆಂಪಿಯರ್ ಆಸುಪಾಸು. 25 ವಾಟಿನಲ್ಲಿ ಮಾತಾಡುವಾಗ 5ರಿಂದ 6 ಆಂಪಿಯರ್. ಹಸಿರು ಹಿಡಿದ ಲಗ್ಗಿನಲ್ಲಿ 0.4 ಓಮ್ ರೆಸಿಸ್ಟೆನ್ಸ್ ಕೂತಿದೆ ಅಂತ ಇಟ್ಕೊಳ್ಳಿ. ಅರ್ಧ ಆಂಪಿಯರಿಗೆ ಕಳೆದುಹೋಗುವುದು 0.2 ವೋಲ್ಟ್, ಸೆಟ್ಟಿಗೆ ಗೊತ್ತೇ ಆಗುವುದಿಲ್ಲ. 5 ಆಂಪಿಯರಿಗೆ 2 ವೋಲ್ಟ್. ಎಂಜಿನ್ ಓಡ್ತಿದ್ರೆ 14ರಲ್ಲಿ 2 ಹೋಗಿ 12 ಉಳೀತದೆ, ಹೇಗೋ ಮಾತು ಬರ್ತದೆ. ಎಂಜಿನ್ ನಿಂತ್ರೆ 12.4ರಲ್ಲಿ 2 ಹೋಗಿ 10.4. ಸೆಟ್ ಬಂದ್.

ಮತ್ತೊಮ್ಮೆ ಓದಿ. ಎಂಜಿನ್ ಓಡುವಾಗ ರೇಡಿಯೋ ಮಾತಾಡ್ತದೆ. ಎಂಜಿನ್ ಕೆಟ್ಟು ನಿಂತು, ಚಾನೆಲ್ 16ರಲ್ಲಿ ಸಹಾಯಕ್ಕೆ ಕರೆಯುವ ಹೊತ್ತಿಗೇ ಬಾಯಿ ಕಟ್ತದೆ. ದಕ್ಕೆಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಿ "ಹಲೋ ಹಲೋ" ಅಂದು ಟೆಸ್ಟ್ ಮಾಡುವವರಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ.

ಸುಮ್ನೆ ಮೀಟರ್ ಇಟ್ರೂ ಗೊತ್ತಾಗುವುದಿಲ್ಲ. ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ. ವೈರಲ್ಲಿ ಒಂದು ಎಳೆ ಉಳಿದಿದ್ರೂ 12.4 ತೋರಿಸ್ತದೆ. ಆದ್ದರಿಂದ ಲೋಡ್ ಆನ್ ಇಟ್ಟೇ ಅಳೀಬೇಕು. ಒಂದು ಮುಳ್ಳು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಸೆಟ್ಟಿನ ನೆಗೆಟಿವ್ ತುದಿಗೆ, ಬಟನ್ ಒತ್ತಿ. ಮೀಟರ್ ಹೆಚ್ಚುಕಡಿಮೆ ಸೊನ್ನೆ ತೋರಿಸ್ಬೇಕು. ಪಾಸಿಟಿವ್ ಕಡೆಯೂ ಹೀಗೇ. ಅಮೆರಿಕದ ಬೋಟ್ ವೈರಿಂಗ್ ಸ್ಟ್ಯಾಂಡರ್ಡ್ ಎಬಿವೈಸಿ, ನ್ಯಾವಿಗೇಷನ್ ಲೈಟ್ ಮತ್ತು ಎಲೆಕ್ಟ್ರಾನಿಕ್ಸ್ ಲೈನಿಗೆ ಒಟ್ಟು 3% ಮಾತ್ರ ಬಿಡ್ತದೆ. 12 ವೋಲ್ಟಿನಲ್ಲಿ ಅದು 0.36. ನಮ್ಮದು 2 ಇತ್ತು!

ಅದೇ ಬೋಲ್ಟಿನ ದಪ್ಪ ಲಗ್ಗಿನಲ್ಲಿ 0.02 ಓಮ್ ಇದ್ರೂ ಸಾಕು. ಸ್ಟಾರ್ಟರ್ 150 ಆಂಪಿಯರ್ ಎಳೆದ್ರೆ 3 ವೋಲ್ಟ್ ಅಲ್ಲೇ ಮಾಯ. "ಟಕ್" ಅಂತ ಶಬ್ದ, ಎಂಜಿನ್ ತಿರುಗುವುದಿಲ್ಲ. "ಬ್ಯಾಟರಿ ಹೋಗಿದೆ, ಹೊಸದು ಹಾಕಿ."

5/7

"ಒಂದು ಲಗ್ಗಿಗೆ ಇಷ್ಟು ಭಾಷಣವಾ?" ಅನ್ನುವವರಿಗೆ.

ಗಂಗೊಳ್ಳಿ ಅಳಿವೆ ಗೊತ್ತಲ್ಲ? ಪಂಚಗಂಗಾವಳಿ ಸಮುದ್ರ ಸೇರುವ ಜಾಗ. ಹೊಳೆ ನೀರು ಹೊರಗೆ ನೂಕುವಾಗ, ತೆರೆ ಒಳಗೆ ನುಗ್ಗುವಾಗ ಅಲ್ಲಿ ಎಂಜಿನ್ ನಿಂತ್ರೆ, ಮತ್ತೆ ಸ್ಟಾರ್ಟ್ ಮಾಡ್ಲಿಕ್ಕೆ ಸಿಗುವುದು ಕೆಲವೇ ನಿಮಿಷ. ಆಗ ತಾಂಡೇಲರ ಕೈಯಲ್ಲಿ ಇರುವುದು ಅನುಭವ, ದೇವರು ಮತ್ತು ಆ ಒಂದು ಲಗ್ಗು.

2018ರ ಡಿಸೆಂಬರಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟಿನ ಸಂಪರ್ಕ ತಪ್ಪಿತು. 7 ಮಂದಿ. ನೌಕಾಪಡೆಗೆ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಕರಾವಳಿಯಾಚೆ. ಅದಕ್ಕೆ ವೈರಿಂಗ್ ಕಾರಣ ಅಂತ ನಾನು ಹೇಳ್ತಿಲ್ಲ, ಖಂಡಿತ ಹೇಳ್ತಿಲ್ಲ. ಸುದ್ದಿಯೇ ಇಲ್ಲದೆ ತಿಂಗಳುಗಟ್ಟಲೆ ಕಾಯುವುದು ಅಂದ್ರೆ ಎಂತ ಅಂತ ಈ ಕರಾವಳಿಗೆ ಗೊತ್ತಿದೆ, ಅಷ್ಟೇ. ಗೊತ್ತಿದ್ದೂ ರೇಡಿಯೋದ ವೈರನ್ನು ತಿರುಚಿ, ಟೇಪ್ ಸುತ್ತಿ ಬಿಡುವುದು ಹೇಗೆ?

ಇನ್ನೆರಡು ರೂಢಿಗೂ ಇಲ್ಲೇ ಬೈಯ್ತೇನೆ.

ಒಂದು, ಫ್ಯೂಸ್ ಹೋದ್ರೆ ತಾಮ್ರದ ಎಳೆ ಸುತ್ತುವುದು. ಫ್ಯೂಸ್ ಇರುವುದು ಸೆಟ್ಟನ್ನು ಕಾಯ್ಲಿಕ್ಕೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅದು ಮುಖ್ಯವಾಗಿ ವೈರನ್ನು ಕಾಯುವುದು. ತಾಮ್ರ ಸುತ್ತಿದ್ರೆ ಮುಂದಿನ ಸಲ ಕರಗುವ ಫ್ಯೂಸ್ ವೈರೇ. ಅದರ ಸುತ್ತ ಎಂತ ಉಂಟು? ಫೈಬರ್ ಅಥವಾ ಮರ, ಡೀಸೆಲ್, ಅಡುಗೆಯ ಗ್ಯಾಸ್ ಸಿಲಿಂಡರ್.

ಎರಡು, ಬಿಲ್ಜ್ ಪಂಪನ್ನು ಮೇನ್ ಸ್ವಿಚ್ಚಿನ ಆಚೆ ಕೊಡುವುದು. ದಕ್ಕೆಯಲ್ಲಿ ಬೋಟ್ ಕಟ್ಟಿ, ಮೇನ್ ಆಫ್ ಮಾಡಿ ಮನೆಗೆ ಬಂದ್ರೆ ಪಂಪೂ ಆಫ್. ರಾತ್ರಿ ಮಳೆ. ಆಟೋಮ್ಯಾಟಿಕ್ ಪಂಪಿಗೆ ಬ್ಯಾಟರಿಯಿಂದ ನೇರ ಲೈನ್, ಅದಕ್ಕೊಂದು ಫ್ಯೂಸ್ ಬೇಕು. ತಿಂಗಳಿಗೊಮ್ಮೆ ಫ್ಲೋಟ್ ಕೈಯಲ್ಲಿ ಎತ್ತಿ ನೋಡಿ. ಓಡದಿದ್ರೆ "ಮೋಟರ್ ಸುಟ್ಟಿದೆ" ಅನ್ನುವ ಮೊದಲು ಜಾಲರಿ ತೆಗೆಯಿರಿ. ಬಲೆ ನೂಲು, ಮೀನಿನ ಪೊರೆ ಸುತ್ತಿಕೊಂಡಿರ್ತದೆ.

6/7

ಈಗ ಬಹಳ ಜನಕ್ಕೆ ಇಷ್ಟ ಆಗದ ಮಾತು.

"ಎಲೆಕ್ಟ್ರಿಶಿಯನ್ನರ ಹೊಟ್ಟೆಗೆ ಹೊಡೀತಿದ್ದೀಯ" ಅಂತ ಡಿಎಂ ಬಂತು. ಇಲ್ಲ. ತಪ್ಪು ಅವರದ್ದಕ್ಕಿಂತ ದುಡ್ಡು ಕೊಡುವ ಕಡೆಯದ್ದು ಜಾಸ್ತಿ.

ನೋಡಿ. ಒಬ್ಬ ಬಂದು, ಬಿಸಿಲಲ್ಲಿ ಎಂಜಿನ್ ರೂಮಿನೊಳಗೆ ಒಂದು ಗಂಟೆ ಬಗ್ಗಿ ಹುಡುಕಿ, ಲಗ್ಗು ಕತ್ತರಿಸಿ ಹೊಸದು ಹಾಕಿ ₹600 ಕೇಳಿದ್ರೆ, "ಒಂದು ಲಗ್ಗಿಗೆ ಆರುನೂರಾ?" ಅಂತ ಚೌಕಾಶಿ ಮಾಡಿ ₹200 ಕೊಡುವ ಊರು ನಮ್ಮದು. ಇನ್ನೊಬ್ಬ ಐದು ನಿಮಿಷದಲ್ಲಿ ₹14,500ರ ಬ್ಯಾಟರಿ ಇಳಿಸಿದ್ರೆ ಚಾ ಕುಡಿಸಿ ಕಳಿಸ್ತೇವೆ. ಸಾಮಾನಿಗೆ ದುಡ್ಡು ಕೊಡ್ತೇವೆ, ಹುಡುಕಿದ್ದಕ್ಕೆ ಕೊಡುವುದಿಲ್ಲ. ಹಾಗಿದ್ರೆ ಯಾರು ಹುಡುಕ್ತಾರೆ? ಮಾರ್ಜಿನ್ ಇರುವುದು ಮಾರುವುದರಲ್ಲಿ, ಕಂಡುಹಿಡಿಯುವುದರಲ್ಲಿ ಅಲ್ಲ. ಒಳ್ಳೆ ಎಲೆಕ್ಟ್ರಿಶಿಯನ್ ಈ ಲೆಕ್ಕದಲ್ಲಿ ಸೋಲ್ತಾನೆ. ಸೋತು ಗಲ್ಫಿಗೆ ಹೋಗ್ತಾನೆ ಅಥವಾ ತಾನೂ ಬ್ಯಾಟರಿ ಮಾರ್ಲಿಕ್ಕೆ ಶುರು ಮಾಡ್ತಾನೆ.

ಅದಕ್ಕೆ ನನ್ನ ವಾದ ಇಷ್ಟೇ: ಹುಡುಕುವ ಕೂಲಿ ಬೇರೆ ಕೊಡಿ. ಮೊದಲೇ ಮಾತಾಡಿ: "ತಪ್ಪು ಎಲ್ಲಿದೆ ಅಂತ ತೋರಿಸಿದ್ರೆ ಇಷ್ಟು. ಸಾಮಾನು ಬೇಕಾದ್ರೆ ಅದರ ಬಿಲ್ ಬೇರೆ." ಮತ್ತೆ ಬಿಲ್ಲಲ್ಲಿ ಮೂರು ಸಂಖ್ಯೆ ಬರೆಸಿಕೊಳ್ಳಿ: ಎಂಜಿನ್ ಬಂದ್ ಇದ್ದಾಗ ಎಷ್ಟು ವೋಲ್ಟ್, ಓಡುವಾಗ ಎಷ್ಟು, ಲೋಡ್ ಇದ್ದಾಗ ಲೈನಲ್ಲಿ ಎಷ್ಟು ಕಳೆಯಿತು. ಸಂಖ್ಯೆ ಬರೆಯದವರಿಗೆ ಬ್ಯಾಟರಿ ಬದಲಿಸುವ ಹಕ್ಕು ಇಲ್ಲ. ಇದರಲ್ಲಿ ಒಳ್ಳೆ ಕೆಲಸಗಾರರಿಗೆ ನಷ್ಟ ಇಲ್ಲ, ಲಾಭವೇ.

7/7

ಬೋಟ್ ಮನೆಯಿಂದ ಕಾಲೇಜಿಗೆ ಬಂದ ಎಲ್ಲರಿಗೂ ಈ ಕೊನೆಯ ಭಾಗ. ಮನೆಯವರು ನಮ್ಮನ್ನು ಓದಿಸಿದ್ದು ಬೋಟಿಂದ ದೂರ ಇರ್ಲಿ ಅಂತ ಇರ್ಬಹುದು. ಆದರೆ ಸೆಮಿಸ್ಟರ್ ಫೀಸ್ ಬಂದದ್ದು ಆ ಬಂಗುಡೆ, ಬೂತಾಯಿಯಿಂದಲೇ. ಅಸೈನ್‌ಮೆಂಟಿಗೆ ಎಕ್ಸೆಲ್ ಶೀಟ್ ಮಾಡ್ತೇವೆ, ಮನೆ ಬೋಟಿಗೆ ಒಂದು ನೋಟ್‌ಬುಕ್ ಇಡ್ಲಿಕ್ಕೆ ಆಗುವುದಿಲ್ವಾ?

ಪಶ್ಚಿಮ ಕರಾವಳಿಯಲ್ಲಿ ಮೀನುಗಾರಿಕೆ ರಜೆ ಜೂನ್ 1ರಿಂದ ಜುಲೈ 31, 61 ದಿನ. ಬಲೆ ರಿಪೇರಿಗೆ, ಪೇಂಟಿಗೆ ದಿನ ಇಡ್ತೇವೆ. ವೈರಿಂಗಿಗೆ ಎರಡು ದಿನ ಇಡಿ:

– ಬ್ಯಾಟರಿ ತೆಗೆಯುವಾಗ ನೆಗೆಟಿವ್ ಮೊದಲು ಬಿಚ್ಚಿ, ಹಾಕುವಾಗ ನೆಗೆಟಿವ್ ಕೊನೆಗೆ. ಚಾರ್ಜ್ ಆಗುವಾಗ ಹೈಡ್ರೋಜನ್ ಬರ್ತದೆ, ಹತ್ತಿರ ಬೀಡಿ, ಕಿಡಿ ಬೇಡ.
– ಪ್ರತಿ ಲಗ್ಗು ಬಿಚ್ಚಿ ನೋಡಿ, ಎಂಜಿನ್ ಬ್ಲಾಕಿನ ತುದಿ ಸಹಿತ. ಹಸಿರು ಕಂಡ್ರೆ ತಿಕ್ಕಿ. ವೈರಿನ ಒಳಗೂ ಕಪ್ಪಾಗಿದ್ರೆ ಕತ್ತರಿಸಿ.
– ಮನೆ ವೈರಿಂಗಿನ ಗಟ್ಟಿ ಒಂಟಿ ತಂತಿ ಬೋಟಿನ ನಡುಕಕ್ಕೆ ಮುರೀತದೆ. ತವರ ಲೇಪಿಸಿದ ಸಣ್ಣ ಎಳೆಗಳ ವೈರ್, ಕ್ರಿಂಪ್, ಮೇಲೆ ಅಂಟಿರುವ ಹೀಟ್ ಶ್ರಿಂಕ್.
– ಸ್ಟಾರ್ಟಿಂಗ್ ಬ್ಯಾಟರಿ ಬೇರೆ, ಲೈಟು-ಫಿಶ್ ಫೈಂಡರಿನ ಬ್ಯಾಟರಿ ಬೇರೆ. ರಾತ್ರಿ ಇಡೀ ಲೈಟ್ ಉರಿಸಿದ ಬ್ಯಾಟರಿಯಿಂದಲೇ ಬೆಳಿಗ್ಗೆ ಎಂಜಿನ್ ತಿರುಗ್ಬೇಕು ಅನ್ನುವುದು ಅನ್ಯಾಯ.
– ರೇಡಿಯೋ ಟೆಸ್ಟ್ ಎಂಜಿನ್ ಬಂದ್ ಮಾಡಿ, ಪಕ್ಕದ ಬೋಟಿನ ಜೊತೆ ವರ್ಕಿಂಗ್ ಚಾನೆಲಲ್ಲಿ. ಚಾನೆಲ್ 16 ಹರಟೆಗಲ್ಲ. ಕೋಸ್ಟ್ ಗಾರ್ಡ್ ನಂಬರ್ 1554 ಕ್ಯಾಬಿನ್ನಲ್ಲಿ ಬರೆದಿಡಿ.
– ಇನ್ವರ್ಟರ್, ಜನರೇಟರಿನ 230 ವೋಲ್ಟಿಗೆ ಕೈ ಹಾಕ್ಬೇಡಿ. ಅದಕ್ಕೆ ಕಲಿತವರೇ ಬೇಕು, ಕೂಲಿ ಕೊಟ್ಟು ಕರೆಸಿ.

ನೋಟ್‌ಬುಕ್ಕಿನಲ್ಲಿ ತಾರೀಕು, ಮೂರು ಸಂಖ್ಯೆ, ಏನು ಮಾಡಿದ್ದು. ಅಷ್ಟು ಸಾಕು. ಆರು ತಿಂಗಳ ಸಂಖ್ಯೆ ಕೈಯಲ್ಲಿದ್ರೆ "ಬ್ಯಾಟರಿ ಹೋಗಿದೆ" ಅಂದವರಿಗೆ "ಎಷ್ಟು ವೋಲ್ಟ್ ಬಂತು?" ಅಂತ ಕೇಳ್ಬಹುದು.

ಈ ಒಂದು ಪ್ರಶ್ನೆ ದಕ್ಕೆಯಲ್ಲಿ ಎಲ್ಲರ ಬಾಯಿಗೆ ಬರ್ಲಿ. ಸೇವ್ ಮಾಡಿ, ನಿಮ್ಮ ಬೋಟಿನ ವಾಟ್ಸಾಪ್ ಗ್ರೂಪಿಗೆ ಹಾಕಿ. ಒಪ್ಪದಿದ್ರೆ ಕಮೆಂಟಲ್ಲಿ ಜಗಳಕ್ಕೆ ಬನ್ನಿ. ಬರುವಾಗ ಮೀಟರ್ ರೀಡಿಂಗ್ ತನ್ನಿ.

#ಗಂಗೊಳ್ಳಿ #ಬೋಟ್‌ವೈರಿಂಗ್ #ಎಷ್ಟುವೋಲ್ಟ್ #ಮೀನುಗಾರರಮಕ್ಕಳು #ಬಿಕಾಂಬಾಯ್ಸ್‌ಗರ್ಲ್ಸ್