ತಪ್ಪಿದ್ದು ಲೆಕ್ಕ, ಹಾಡಲ್ಲ

‘ಕಲಾವಿದರು ಸೇರಿ ಹೊರತರುವ ನೆರವಿನ ಆಲ್ಬಮ್‌ಗಳೆಲ್ಲ ಬರೀ ಪ್ರಚಾರ, ಹಣ ಸಂತ್ರಸ್ತರಿಗೆ ಮುಟ್ಟುವುದಿಲ್ಲ’ ಎಂಬ ಲೇಖನ ಓದಿ ನೋವಾಯಿತು. ಲೇಖಕರು ಸಾಕ್ಷಿಗೆ ಎಳೆದಿರುವುದು 1971ರ ‘ಕನ್ಸರ್ಟ್ ಫಾರ್ ಬಾಂಗ್ಲಾದೇಶ್’ ಅನ್ನು. ಆ ಸಾಕ್ಷಿಯನ್ನೇ ಪೂರ್ತಿ ಕೇಳೋಣ.

ಬಾಂಗ್ಲಾದೇಶದ ನಿರಾಶ್ರಿತರ ಪಾಡು ಕಂಡು ಕಂಗೆಟ್ಟು ಬೀಟಲ್ಸ್ ಖ್ಯಾತಿಯ ಜಾರ್ಜ್ ಹ್ಯಾರಿಸನ್ ಅವರ ನೆರವು ಕೇಳಿದವರು ಪಂಡಿತ್ ರವಿಶಂಕರ್. ಅವರ ಮನೆತನದ ಬೇರು ಇದ್ದದ್ದು ಪೂರ್ವ ಬಂಗಾಳದಲ್ಲಿ. ಸ್ವಂತ ನೆಲದ ಜನರಿಗಾಗಿ ಮಿಡಿದದ್ದನ್ನು ಪ್ರಚಾರ ಎನ್ನಲು ಮನಸ್ಸಾದರೂ ಹೇಗೆ ಬಂತು? ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಎರಡು ಪ್ರದರ್ಶನಗಳಿಂದಲೇ ಸುಮಾರು 2.43 ಲಕ್ಷ ಡಾಲರ್ ಯುನಿಸೆಫ್‌ಗೆ ಸಂದಿತು. ರವಿಶಂಕರ್ ಸಿತಾರ್, ಅಲಿ ಅಕ್ಬರ್ ಖಾನ್ ಸರೋದ್, ಅಲ್ಲಾ ರಖಾ ತಬಲಾ: ಆ ಜುಗಲ್‌ಬಂದಿ ಕೇಳಿಯೂ ಯಾರಿಗಾದರೂ ಪ್ರಾಮಾಣಿಕತೆಯ ಅನುಮಾನ ಬಂದರೆ ನನಗದು ಅರ್ಥವಾಗದು.

ಆ ಕಾರ್ಯಕ್ರಮದ ಧ್ವನಿಮುದ್ರಣದ ಆಲ್ಬಮ್ ಗಳಿಸಿದ ಹಣ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡದ್ದು ನಿಜ. ಕಾರ್ಯಕ್ರಮಕ್ಕೆ ಮೊದಲೇ ದತ್ತಿಯ ಕಾಗದಪತ್ರ ಆಗಿರಲಿಲ್ಲ, ಹಾಗಾಗಿ ಅಮೆರಿಕದ ತೆರಿಗೆ ಇಲಾಖೆ ತಡೆಯಿತು. ಇದು ಗುಮಾಸ್ತಿಕೆಯ ಲೋಪ. ಇದಕ್ಕೆ ಸಂಗೀತಗಾರರ ಉದ್ದೇಶವನ್ನೇ ಕಟಕಟೆಗೆ ಹತ್ತಿಸುವುದು ಅನ್ಯಾಯ. ಮುಂದೆ, ಇಂಥದ್ದೇ ನೆರವಿಗಾಗಿ ಕಲಾವಿದರು ಸೇರಿ ಹಾಡಿದ ‘ಬ್ಯಾಂಡ್ ಏಡ್’ ಹಾಡಿನ ಹಣಕ್ಕೆ ಪ್ರತ್ಯೇಕ ಟ್ರಸ್ಟೇ ಹುಟ್ಟಿತು; ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ. ಲೇಖಕರು ಒತ್ತಾಯಿಸಬೇಕಿದ್ದದ್ದು ಅದನ್ನೇ: ಧ್ವನಿಮುದ್ರಣಕ್ಕೆ ಮುಂಚೆ ಟ್ರಸ್ಟ್, ಆಮೇಲೆ ವರ್ಷವರ್ಷ ಬಹಿರಂಗ ಲೆಕ್ಕ.